ಮಳೆ ಬರುವ ದಿಕ್ಕಿಗೇ ಮುಖ ಮಾಡಿದ ಮನೆ

ಶಿವಮೊಗ್ಗ ಪೇಟೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಅದೇ ಜಿಲ್ಲೆಯ ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಪೇಟೆಯ ಸೈಟಿಗೆ ಬರೆದ ನಕ್ಷೆಯನ್ನು ಘಟ್ಟದ ಅಂಚಿನ ಹೋಂಸ್ಟೇಗೆ ಹಾಗೇ ಒಯ್ದರೆ ಮೊದಲ ಮಳೆಗಾಲದಲ್ಲೇ ತೊಂದರೆ ಶುರು.

ಸಾವಿರ ಚದರಡಿಯ ತಾರಸಿಯ ಮೇಲೆ ದಿನಕ್ಕೆ 100 ಮಿಲಿಮೀಟರ್ ಸುರಿದರೆ ಸುಮಾರು 9,300 ಲೀಟರ್ ನೀರು. ಪೈಪಿನ ಬಾಯಿಗೆ ನಾಲ್ಕು ಹಲಸಿನೆಲೆ ಕೂತರೆ ಸಾಕು, ಪ್ಯಾರಾಪೆಟ್ ಗೋಡೆಯೊಳಗೆ ತಾರಸಿಯೇ ಕೆರೆ. ನಾಲ್ಕು ಇಂಚು ನಿಂತ ನೀರಿನ ಭಾರ ಚದರ ಮೀಟರಿಗೆ 100 ಕೆ.ಜಿ. ಆಮೇಲೆ ಅದರ ಮೇಲೆ ತಗಡಿನ ಶೀಟ್ ಹೊದಿಸುವುದು ಮಲೆನಾಡಿನ ತುಂಬ ಕಾಣುವ ನೋಟ. ಒಂದೇ ಮನೆಗೆ ಎರಡು ಸೂರಿನ ಖರ್ಚು! ಮೊದಲೇ 30 ಡಿಗ್ರಿ ಇಳಿಜಾರಿನ ಹಂಚಿನ ಮಾಡು ಕಟ್ಟಿದ್ದರೆ ನೀರು ನಿಲ್ಲುವ ಮಾತೇ ಇರುತ್ತಿರಲಿಲ್ಲ. ಶೀಟೇ ಹಾಕುವುದಾದರೆ ಸ್ಕ್ರೂಗಳನ್ನು ನೀರು ಹರಿಯುವ ತಗ್ಗಿನಲ್ಲಲ್ಲ, ಉಬ್ಬಿನ ಮೇಲೆ ಹೊಡೆಸಬೇಕು. ರಬ್ಬರ್ ವಾಷರ್ ಬಿಸಿಲಿಗೆ ಸೀಳಿದ ದಿನ ಸೋರಿಕೆ ಶುರುವಾಗುವುದು ತಗ್ಗಿನ ಸ್ಕ್ರೂಗಳಿಂದಲೇ.

ರೆಸಾರ್ಟುಗಳ ಕಷ್ಟ ಬೇರೆ. ಕಣಿವೆ, ಸೂರ್ಯಾಸ್ತ ಎಲ್ಲ ಪಡುವಣಕ್ಕೆ. ಮುಂಗಾರಿನ ಇರಿಚಲು ಬರುವುದೂ ಅತ್ತ ಕಡೆಯಿಂದಲೇ. ಅಲ್ಲಿ ನೆಲದಿಂದ ಸೂರಿನವರೆಗೆ ಗಾಜು ಕೂರಿಸಿದರೆ ಚೌಕಟ್ಟಿನ ಸಂದಿಯಿಂದ ನೀರು ಒಳಗೆ. ಲೆಕ್ಕ ಸರಳ. 45 ಡಿಗ್ರಿ ಓರೆಯಾಗಿ ಬೀಳುವ ಮಳೆಗೆ ಮೂರಡಿಯ ಚಪ್ಪಟೆ ಸಜ್ಜ ಗೋಡೆಯ ಮೇಲಿನ ಮೂರಡಿಯನ್ನಷ್ಟೇ ಕಾಯುತ್ತದೆ. ಅದೇ 30 ಡಿಗ್ರಿಯಲ್ಲಿ ಎಂಟಡಿ ಮುಂದೆ ಚಾಚಿದ ಜಗುಲಿಯ ಮಾಡು, ತುದಿಯಲ್ಲಿ ನಾಲ್ಕೂವರೆ ಅಡಿ ಇಳಿದಿರುತ್ತದೆ. ಎರಡೂ ಕೂಡಿ ಗೋಡೆಯ ಮೇಲಿನ ಹನ್ನೆರಡೂವರೆ ಅಡಿಗೆ ಕಾವಲು. ಇಡೀ ಗೋಡೆ ಒಣಗಿರುತ್ತದೆ. ಹಳೆಯ ಮನೆಗಳ ಸೂರಿನ ಅಂಚು ತಲೆ ತಾಗುವಷ್ಟು ತಗ್ಗಿರುವುದಕ್ಕೆ ಕಾರಣ ಇದು. ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಆರಡಿ ಎತ್ತರದ ಸೂರು ಅಡ್ಡ ಬರುವುದಿಲ್ಲ, ಕಣಿವೆ ಪೂರ್ತಿ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಧರೆಯ, ಅಂದರೆ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಯ, ವಿಷಯದಲ್ಲಿ. ನಾಲ್ಕಡಿಗೆ ಒಂದಡಿ ಇಳಿಯುವ ಗುಡ್ಡದಲ್ಲಿ 40 ಅಡಿ ಉದ್ದದ ಮನೆಯನ್ನು ಇಳಿಜಾರಿನ ನೇರಕ್ಕೆ ಕಟ್ಟಿದರೆ ಹತ್ತಡಿ ಏರುಪೇರು. ಜೆಸಿಬಿ ಮೇಲ್ಗಡೆ ಐದಡಿ ಕಡಿದು, ಕೆಳಗಡೆ ಐದಡಿ ತುಂಬುತ್ತದೆ. ತುಂಬಿದ ಮಣ್ಣು ಕೂತಂತೆ, ಕಡಿದ ನೆಲ ಮತ್ತು ತುಂಬಿದ ನೆಲ ಸೇರುವಲ್ಲಿ ಗೋಡೆ ಬಿರಿಯುತ್ತದೆ. ಅದೇ ಮನೆಯನ್ನು 20 ಅಡಿ ಅಗಲಕ್ಕೆ ಇಳಿಸಿ ಗುಡ್ಡಕ್ಕೆ ಅಡ್ಡಲಾಗಿ ಇಟ್ಟರೆ ಏರುಪೇರು ಐದಡಿ. ನೆಲವನ್ನು ಎರಡು ಮೆಟ್ಟಿಲಾಗಿ ಒಡೆದರೆ ಒಂದೊಂದಕ್ಕೆ ಎರಡೂವರೆ.

ಧರೆಯ ಮೇಲಿನ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಪದರ ಗಟ್ಟಿ, ಗಾಳಿ ಬಿಸಿಲಿಗೆ ಇನ್ನೂ ಗಟ್ಟಿಯಾಗುತ್ತದೆ. ಅದನ್ನು ನೋಡಿ ಮೋಸ ಹೋಗುವವರೇ ಹೆಚ್ಚು. ಅದರಡಿಯ ಮೆತ್ತನೆಯ, ಬಿಳಿಚಾದ ಶೇಡಿ ಮಣ್ಣು ಬೇಸಿಗೆಯಲ್ಲಿ ನೆಟ್ಟಗೆ ನಿಂತು, ನೀರು ಕುಡಿದಾಗ ಗಂಜಿಯಂತೆ ಜಾರುತ್ತದೆ. ಆದ್ದರಿಂದ ಧರೆಯ ನೆತ್ತಿಯಲ್ಲಿ ಮೊದಲು ಚರಂಡಿ. ಮನೆಗೂ ಧರೆಗೂ ನಡುವೆ ಕನಿಷ್ಠ ಧರೆಯ ಎತ್ತರದಷ್ಟು ಜಾಗ. ತಡೆಗೋಡೆಯ ಬೆನ್ನಿಗೆ ಒಂದಡಿ ಜಲ್ಲಿ, ಐದೈದು ಅಡಿಗೊಂದು ಮೂರಿಂಚಿನ ಪೈಪು. ಆಷಾಢದಲ್ಲಿ ಆ ಪೈಪುಗಳಿಂದ ತಿಳಿನೀರು ಬರುತ್ತಿದ್ದರೆ ಗೋಡೆ ಕೆಲಸ ಮಾಡುತ್ತಿದೆ. ಕೆಸರು ಬಂದರೆ ಹಿಂದಿನ ಮಣ್ಣು ಖಾಲಿಯಾಗುತ್ತಿದೆ. ನೀರೂ ಬಾರದೆ ಗೋಡೆ ಉಬ್ಬತೊಡಗಿದರೆ, ಆ ರಾತ್ರಿ ಧರೆ ಬದಿಯ ಕೋಣೆಯಲ್ಲಿ ಯಾರೂ ಮಲಗಬಾರದು.