ಬುದ್ಧ ಮನೆ ಬಿಟ್ಟದ್ದು ನೀರಿನ ಜಗಳಕ್ಕಾ?

ಪ್ರಶ್ನೆ: ಮುದುಕ, ರೋಗಿ, ಹೆಣ, ಸನ್ಯಾಸಿಯನ್ನು ಕಂಡು ಬುದ್ಧ ಮನೆ ಬಿಟ್ಟ ಅಂತ ಸ್ಕೂಲಲ್ಲಿ ಓದಿದ್ದೆವು. ನಮ್ಮೂರ ಬುದ್ಧಪೂರ್ಣಿಮೆಯ ಭಾಷಣದಲ್ಲಿ ಹೊಳೆ ನೀರಿನ ಜಗಳಕ್ಕೆ ಬಿಟ್ಟ ಅಂದರು. ಯಾವುದು ಸರಿ?
(ಪಾಂಡವಪುರದ ಓದುಗರು)

ಉತ್ತರ: ಭಾಷಣದಲ್ಲಿ ಕೇಳಿದ್ದು ಅಂಬೇಡ್ಕರರ ‘ಬುದ್ಧ ಮತ್ತು ಅವನ ಧಮ್ಮ’ದ ಕಥೆ. ಅವರು ತೀರಿಕೊಂಡ ಮರುವರ್ಷ, 1957ರಲ್ಲಿ, ಪುಸ್ತಕ ಅಚ್ಚಾಯಿತು. ಮುನ್ನುಡಿಯಲ್ಲೇ ಅವರ ತಕರಾರಿದೆ: 29 ವರ್ಷದವರೆಗೂ ಒಬ್ಬ ಮುದುಕನನ್ನು, ಒಂದು ಹೆಣವನ್ನು ನೋಡದೆ ಇರಲು ಆಗುತ್ತದೆಯೇ? ನ್ಯಾಯವಾದ ಮಾತೇ.

ಹೊಳೆಯ ಕಥೆ ಅವರು ಹುಟ್ಟಿಸಿದ್ದಲ್ಲ. ಬುದ್ಧನ ಉಪದೇಶಗಳಿಗೆ ಬರೆದ ಹಳೆಯ ವ್ಯಾಖ್ಯಾನಗಳಾದ ಪಾಲಿ ಅಟ್ಠಕಥೆಗಳ ಪ್ರಕಾರ, ರೋಹಿಣಿ ಹೊಳೆಗೆ ಕಟ್ಟಿದ ಒಂದೇ ಒಡ್ಡಿನಿಂದ ಬುದ್ಧನ ಕುಲದವರಾದ ಶಾಕ್ಯರೂ ಪಕ್ಕದ ಕೋಲಿಯರೂ ನೀರು ಹಾಯಿಸುತ್ತಿದ್ದರು. ಬೇಸಿಗೆಯಲ್ಲಿ ಪೈರು ಬಾಡಿತು. ‘ಇನ್ನೊಂದು ನೀರು ಸಿಕ್ಕರೆ ನಮ್ಮ ಬೆಳೆ ಕೈಗೆ ಬರುತ್ತೆ, ನಮಗೆ ಬಿಡಿ’ ಅಂತ ಆಳುಗಳಲ್ಲಿ ಶುರುವಾದ ಮಾತು ಹುಟ್ಟಿನ ಮೂಲ ಎತ್ತಿ ಬೈಯುವವರೆಗೂ, ಅರಸುಮಕ್ಕಳು ಕತ್ತಿ ಹಿಡಿಯುವವರೆಗೂ ಹೋಯಿತು. ಸರದಿಯ ಮೇಲೆ ಬಿಡುವ ಕಟ್ಟು ನೀರಿನ ಲೆಕ್ಕದಲ್ಲಿ ಬೆಳೆ ಇಡುವ ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುದ್ಧ ಬಂದು, ನೀರಿನ ಬೆಲೆ ಎಷ್ಟು, ಈ ಜನರ ಬೆಲೆ ಎಷ್ಟು ಎಂದು ಕೇಳಿ ಜಗಳ ಬಿಡಿಸಿದ.

ಗಮನಿಸಿ, ಅಲ್ಲಿ ಅವನು ಆಗಲೇ ಬುದ್ಧ. ಅಂಬೇಡ್ಕರ್ ಈ ಜಗಳವನ್ನು ಅವನು ಮನೆ ಬಿಡುವ ಮುಂಚಿನ ಕಾಲಕ್ಕೆ ಸರಿಸಿದರು. ಅವರ ಸಿದ್ಧಾರ್ಥ ಶಾಕ್ಯ ಸಂಘದ, ಅಂದರೆ ಶಾಕ್ಯರ ಆಡಳಿತ ಸಭೆಯ, ಸದಸ್ಯ. ಯುದ್ಧ ಬೇಡವೆಂದು ವಾದಿಸಿ ಸೋಲುತ್ತಾನೆ. ಸೈನ್ಯಕ್ಕೆ ಸೇರದಿದ್ದರೆ ನೇಣು ಅಥವಾ ಗಡೀಪಾರು, ಅದೂ ಇಲ್ಲದಿದ್ದರೆ ಮನೆಯವರಿಗೆ ಬಹಿಷ್ಕಾರ, ಆಸ್ತಿ ಮುಟ್ಟುಗೋಲು. ಅವನು ತಾನಾಗಿ ಊರು ಬಿಡುತ್ತಾನೆ. ಬಹಿಷ್ಕಾರದ ಬೆದರಿಕೆ ಈ ಕಥೆಗೆ ಸುಮ್ಮನೆ ಬಂದದ್ದಲ್ಲ. 1927ರಲ್ಲಿ ಅಂಬೇಡ್ಕರ್ ಶುರುಮಾಡಿದ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’.

ಹಾಗಾದರೆ ಶಾಲೆಯ ಪಾಠ? ಅರಿಯಪರಿಯೇಸನ ಎಂಬ ಸುತ್ತದಲ್ಲಿ (ಸುತ್ತ ಅಂದರೆ ಬುದ್ಧನ ಉಪದೇಶ) ಬುದ್ಧ ಹೇಳಿಕೊಳ್ಳುವುದು ಇಷ್ಟೇ: ತಂದೆತಾಯಿ ಕಣ್ಣೀರಿಡುತ್ತಿದ್ದಾಗ ತಲೆ ಬೋಳಿಸಿ, ಕಾವಿ ಉಟ್ಟು ಹೊರಟೆ. ನಡುರಾತ್ರಿಯಿಲ್ಲ, ಕುದುರೆಯಿಲ್ಲ. ಮುದುಕ, ರೋಗಿ, ಹೆಣದ ಕಥೆ ಉದ್ದದ ಸುತ್ತಗಳ ಸಂಗ್ರಹವಾದ ದೀಘನಿಕಾಯದಲ್ಲಿ ಬರುವುದು ವಿಪಸ್ಸಿ ಎಂಬ ಹಿಂದಿನ ಕಾಲದ ಬೇರೊಬ್ಬ ಬುದ್ಧನ ಹೆಸರಿನಲ್ಲಿ! ಅದನ್ನು ಗೌತಮನಿಗೆ ತೊಡಿಸಿದವರು ಆಮೇಲಿನವರು. ಸಂಸ್ಕೃತ ಕವಿ ಅಶ್ವಘೋಷ ಅದಕ್ಕೆ ಕಾವ್ಯದ ಬಣ್ಣ ಕೊಟ್ಟ. ಕಥೆಯ ಜಾಗ ಬದಲಿಸಿದವರಲ್ಲಿ ಅಂಬೇಡ್ಕರ್ ಮೊದಲಿಗರೇನಲ್ಲ, ಆದರೆ ಹಳೆಯ ಕಥೆಯನ್ನು ಯಾಕೆ ಒಪ್ಪುವುದಿಲ್ಲ ಎಂದು ಮುನ್ನುಡಿಯಲ್ಲಿ ಬಾಯಿಬಿಟ್ಟು ಹೇಳಿದರು.

ಇನ್ನೊಂದು ಸಾಕ್ಷಿ ಸುತ್ತನಿಪಾತ ಎಂಬ ಹಳೆಯ ಪಾಲಿ ಸಂಗ್ರಹದ ಅತ್ತದಂಡ ಸುತ್ತದ್ದು. ನೀರು ಕಮ್ಮಿಯಾದ ಕಡೆ ಮೀನುಗಳು ಒದ್ದಾಡುವ ಹಾಗೆ ಜನ ಒದ್ದಾಡುವುದನ್ನೂ ಒಬ್ಬರ ಮೇಲೊಬ್ಬರು ಬೀಳುವುದನ್ನೂ ನೋಡಿ ನನಗೆ ದಿಗಿಲಾಯಿತು ಎನ್ನುತ್ತಾನೆ ಬುದ್ಧ. ಅಂಬೇಡ್ಕರರಿಗಿಂತ ಮೊದಲೇ ಪಾಲಿ ವಿದ್ವಾಂಸ ಧರ್ಮಾನಂದ ಕೋಸಂಬಿಯವರು ಇದನ್ನು ಎತ್ತಿ ತೋರಿಸಿದ್ದರು. ಜಗಳದ ಮಟ್ಟಿಗೆ ನಿಮ್ಮ ಭಾಷಣಕಾರರಿಗೆ ಹಳೆಯ ಆಧಾರ ಇದೆ. ರೋಹಿಣಿಯ ಹೆಸರು ಮಾತ್ರ ಆ ಸುತ್ತದಲ್ಲಿಲ್ಲ.