ಸಭೆ ಬಿಟ್ಟವರು, ಅವರ ಮನೆಯವರು

ಕಟ್ಟುನಿಟ್ಟಿನ ಕ್ರೈಸ್ತ ಸಭೆಗಳಿಂದ ಹೊರಬಂದವರು ಆಪ್ತಸಮಾಲೋಚನೆಗೆ ಬಂದಾಗ ದೇವರಿದ್ದಾನೋ ಇಲ್ಲವೋ ಎಂದು ನನ್ನನ್ನು ಕೇಳುವುದಿಲ್ಲ. ಆ ಪ್ರಶ್ನೆಯೊಂದಿಗೆ ಒಬ್ಬರೇ ವರ್ಷಗಟ್ಟಲೆ ಗುದ್ದಾಡಿ ಒಂದು ನೆಲೆಗೆ ಬಂದಿರುತ್ತಾರೆ. ಅವರು ಕೇಳುವುದು, "ಅಮ್ಮನಿಗೆ ಹೇಗೆ ಹೇಳಲಿ?" ಇಲ್ಲವಾದರೆ, "ಹೇಳಿಬಿಟ್ಟೆ, ಈಗೇನು ಮಾಡಲಿ?"

ಎಲ್ಲ ಕ್ರೈಸ್ತ ಮನೆಗಳಲ್ಲೂ ಇದು ಇಷ್ಟು ಕಷ್ಟವಲ್ಲ. ಹಬ್ಬಕ್ಕೊಮ್ಮೆ ಚರ್ಚಿಗೆ ಹೋಗುವ ಮನೆಯಲ್ಲಿ ಮಗ ಹೋಗುವುದನ್ನು ನಿಲ್ಲಿಸಿದರೆ ಒಂದಷ್ಟು ಗೊಣಗಾಟವಾಗಿ ಮುಗಿಯುತ್ತದೆ. ಮೂಲಭೂತವಾದಿ ಸಭೆಗಳ ಲೆಕ್ಕ ಬೇರೆ. 1910ರಿಂದ 1915ರವರೆಗೆ ಅಮೆರಿಕದಲ್ಲಿ 12 ಸಂಪುಟಗಳಾಗಿ ಹಂಚಿದ "ದಿ ಫಂಡಮೆಂಟಲ್ಸ್" (ಮೂಲಭೂತ ತತ್ವಗಳು) ಎಂಬ ಪ್ರಬಂಧಗಳಿಂದ ಹೆಸರು ಪಡೆದ ಈ ಧಾರೆ, ಉದಾರವಾದಿ ದೇವತಾಶಾಸ್ತ್ರದ ವಿರುದ್ಧ ಗೆರೆ ಎಳೆದೇ ಬೆಳೆಯಿತು. ಸತ್ಯವೇದದಲ್ಲಿ, ಎಂದರೆ ಬೈಬಲ್‌ನಲ್ಲಿ, ತಪ್ಪೆಂಬುದೇ ಇಲ್ಲ, ಗೆರೆಯಾಚೆಯವರಿಂದ ಬೇರೆಯಾಗಿರುವುದೂ ವಿಧೇಯತೆಯೇ ಎಂದು ಇಲ್ಲಿ ಕಲಿಸುತ್ತಾರೆ. ಅವಿಶ್ವಾಸಿಗಳೊಂದಿಗೆ ಇಜ್ಜೋಡಾಗಬಾರದು, ಎಂದರೆ ಹೊಂದದ ಜೋಡಿಯಾಗಬಾರದು ಎಂಬ ಅಪೊಸ್ತಲ ಪೌಲನ ಮಾತನ್ನು (2 ಕೊರಿಂಥ 6:14) ಮಕ್ಕಳು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿರುತ್ತಾರೆ. ಮುಂದೊಂದು ದಿನ ಆ ವಾಕ್ಯದ ಅವಿಶ್ವಾಸಿ ತಾನೇ ಆಗುತ್ತೇನೆಂದು ಯಾವ ಮಗುವೂ ಎಣಿಸಿರುವುದಿಲ್ಲ.

ಹೊರಬಂದವರು ಇದನ್ನು ಅಭಿಪ್ರಾಯಭೇದ ಎಂದುಕೊಳ್ಳುತ್ತಾರೆ. ತಾಯಿಗೆ ಹಾಗಲ್ಲ. ಮಗಳು ನಿತ್ಯ ನರಕಕ್ಕೆ ಹೋಗುತ್ತಾಳೆ, ಪರಲೋಕದಲ್ಲಿ ಅವಳ ಮುಖ ತನಗೆ ಸಿಗುವುದಿಲ್ಲ ಎಂದು ಆಕೆ ಅಕ್ಷರಶಃ ನಂಬುತ್ತಾಳೆ. ಬದುಕಿರುವ ಮಗಳಿಗಾಗಿ ಸತ್ತವರಿಗೆ ಅಳುವಂತೆ ಅಳುತ್ತಾಳೆ. ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್, ಮುಗಿಯಿತೆಂದೂ ಹೇಳಲಾಗದ, ಉಳಿಯಿತೆಂದೂ ಹೇಳಲಾಗದ ಇಂಥ ನಷ್ಟದ ಬಗ್ಗೆ ಬರೆದರು. ಮನುಷ್ಯ ಎದುರಿಗೇ ಕೂತಿದ್ದರೂ ಕೈತಪ್ಪಿ ಹೋದಂತೆ ಅನಿಸುವುದೂ ಅದರದೇ ಇನ್ನೊಂದು ಬಗೆ. ಇಲ್ಲಿ ಅದು ಎರಡೂ ಕಡೆ ಇರುತ್ತದೆ. ಅಮ್ಮ ಫೋನ್ ಮಾಡುತ್ತಾಳೆ, ಆದರೆ ಪ್ರತಿ ಕರೆಯೂ ಕಣ್ಣೀರಿನ ಪ್ರಾರ್ಥನೆಯಲ್ಲೇ ಮುಗಿಯುತ್ತದೆ. ಮಾತಾಡಿದೆನೆಂಬ ಸಮಾಧಾನ ಮಗಳಿಗೂ ಸಿಗುವುದಿಲ್ಲ.

ತಂದೆ ಸಭೆಯನ್ನು ನಡೆಸುವ ಹಿರಿಯರಲ್ಲಿ ಒಬ್ಬರಾಗಿದ್ದರೆ ಇನ್ನೊಂದು ಭಾರವೂ ಸೇರುತ್ತದೆ. ಹಿರಿಯನ ಮಕ್ಕಳು ವಿಶ್ವಾಸಿಗಳಾಗಿರಬೇಕೆಂದು ಬೈಬಲ್‌ನಲ್ಲಿ ತೀತನಿಗೆ ಬರೆದ ಪತ್ರದಲ್ಲಿದೆ (1:6). ಮಗನ ತೀರ್ಮಾನದಿಂದ ಅಪ್ಪನ ಸ್ಥಾನಕ್ಕೇ ಕುತ್ತು ಬರಬಹುದು. ಅವರ ಸಿಟ್ಟಿನಲ್ಲಿ ಎಷ್ಟು ಪಾಲು ಭಯ ಎಂಬುದು ಮಗನಿಗೆ ಎಷ್ಟೋ ದಿನ ಗೊತ್ತಾಗುವುದಿಲ್ಲ.

ನರಕದ ಮಾತಿಗಿಂತ ಹೆಚ್ಚು ನೋಯಿಸುವ ಮಾತೊಂದಿದೆ: "ನೀನು ಯಾವತ್ತೂ ನಿಜವಾದ ವಿಶ್ವಾಸಿಯಾಗಿರಲೇ ಇಲ್ಲ." ನಮ್ಮನ್ನು ಬಿಟ್ಟುಹೋದವರು ನಮ್ಮವರಾಗಿರಲಿಲ್ಲ ಎನ್ನುವ 1 ಯೋಹಾನ 2:19 ಇದಕ್ಕೆ ಆಧಾರ. ಉಪವಾಸ, ದೀಕ್ಷಾಸ್ನಾನ, ಸಭೆಯೆದುರು ನಿಂತು ಹೇಳಿದ ಸಾಕ್ಷಿ, ಎಲ್ಲವೂ ಒಂದೇ ವಾಕ್ಯದಲ್ಲಿ ಸುಳ್ಳಾಗುತ್ತವೆ. ಇದಕ್ಕೆ ವಾದ ಹೂಡಬೇಡಿ ಎನ್ನುತ್ತೇನೆ. "ನಾನು ಮನಸಾರೆ ನಂಬಿದ್ದೆ, ಅದು ನಿಮಗೂ ಗೊತ್ತು" ಎಂದು ಒಮ್ಮೆ ಹೇಳಿ ಸುಮ್ಮನಾಗುವುದು ಮೇಲು.

ಗಂಡ ಹೆಂಡತಿಯಲ್ಲಿ ಒಬ್ಬರು ಬಿಟ್ಟು ಇನ್ನೊಬ್ಬರು ಉಳಿದಾಗ ನನ್ನ ಕೆಲಸ ಅತ್ಯಂತ ನಿಧಾನ. ಕ್ರಿಸ್ತನು ಸಭೆಗೆ ಶಿರಸ್ಸಾಗಿರುವಂತೆ ಗಂಡ ಹೆಂಡತಿಗೆ ಶಿರಸ್ಸು ಎಂದು ನಂಬಿ ಮದುವೆಯಾದವರು ಇವರು. ಗಂಡ ನಂಬಿಕೆ ಕಳೆದುಕೊಂಡರೆ ಹೆಂಡತಿಗೆ ಮನೆಯ ಆಧಾರವೇ ಕುಸಿದಂತಾಗುತ್ತದೆ. ಹೆಂಡತಿ ಬಿಟ್ಟರೆ, ಮನೆಯನ್ನು ಆಳಲಾಗದವನೆಂಬ ಮಾತು ಗಂಡನ ಬೆನ್ನ ಹಿಂದೆ ಓಡಾಡುತ್ತದೆ. ಉಳಿದಿರುವ ಸಂಗಾತಿಗೆ ನಾನು 1 ಕೊರಿಂಥ 7:12-13 ಓದಲು ಹೇಳುತ್ತೇನೆ. ಅವಿಶ್ವಾಸಿ ಸಂಗಾತಿ ಕೂಡಿ ಬಾಳಲು ಒಪ್ಪಿದರೆ ಬಿಡಬಾರದೆಂದು ಅಲ್ಲಿ ಪೌಲನೇ ಹೇಳಿದ್ದಾನೆ. ನನ್ನ ನೂರು ಸಲಹೆಗಿಂತ ಆ ಎರಡು ವಾಕ್ಯಗಳಿಗೆ ಅವರಲ್ಲಿ ತೂಕ ಹೆಚ್ಚು. ಸಮಾಲೋಚಕರು ಸತ್ಯವೇದ ತೆರೆಯಬಾರದೆಂಬ ಮಡಿ ನನಗಿಲ್ಲ.

ಅದಾದ ಮೇಲೆ ನಂಬಿಕೆಯ ಮಾತು ಬದಿಗಿಟ್ಟು ದಿನಚರಿಯ ಒಪ್ಪಂದಕ್ಕೆ ಬರುತ್ತೇವೆ. ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ನಂಬಿಕೆ ಬಿಟ್ಟವರು ಸುಮ್ಮನೆ ಕೂರಬಹುದು, ಪ್ರಾರ್ಥಿಸು ಎಂದು ಒತ್ತಾಯಿಸಬಾರದು. ಮಕ್ಕಳು ಭಾನುವಾರದ ಶಾಲೆಗೆ ಹೋಗಬಹುದು, ಆದರೆ "ಅಪ್ಪ ನರಕಕ್ಕೆ ಹೋಗ್ತಾರೆ" ಎಂದು ಮಗುವಿಗೆ ಹೇಳುವಂತಿಲ್ಲ. ಅಪ್ಪನೂ ಮಗುವಿನ ಮುಂದೆ ಅಮ್ಮನ ದೇವರನ್ನು ಗೇಲಿ ಮಾಡುವಂತಿಲ್ಲ.

ಸಭೆಯ ಗೆಳೆಯರನ್ನು ಕಳೆದುಕೊಳ್ಳುವುದು ಸದ್ದಿಲ್ಲದೆ ನಡೆದುಹೋಗುತ್ತದೆ. ಬಹುಪಾಲು ಕಡೆ ಯಾರೂ ಬಹಿಷ್ಕಾರ ಹಾಕುವುದಿಲ್ಲ, ಕರೆಗಳು ನಿಲ್ಲುತ್ತವೆ ಅಷ್ಟೆ. ಆರಾಧನೆ, ಬೈಬಲ್ ಅಧ್ಯಯನ, ಯುವಜನರ ಕೂಟ, ಗಾಯನ ತಂಡ ಎಂದು ವಾರವೆಲ್ಲ ಅಲ್ಲೇ ಕಳೆದವರಿಗೆ ಹೊರಗೆ ಪರಿಚಯದವರೇ ಇರುವುದಿಲ್ಲ. ಆಮೇಲೂ ಬರುವ ಗೆಳೆಯ ತನಗಾಗಿ ಬರುತ್ತಿದ್ದಾನೋ ತನ್ನನ್ನು ರಕ್ಷಿಸಲು ಬರುತ್ತಿದ್ದಾನೋ ಎಂಬ ಅನುಮಾನ ಬೇರೆ. ಬೇರೆ ವಿಷಯಕ್ಕೆ ಅವನು ಎಷ್ಟು ಹೊತ್ತು ಕಿವಿಗೊಡುತ್ತಾನೆ ನೋಡಿ, ಗೊತ್ತಾಗುತ್ತದೆ.

ಬಿಟ್ಟವರದೂ ಒಂದು ಚಾಳಿಯಿದೆ. ಬೈಬಲ್‌ನ ವಿರೋಧಾಭಾಸಗಳ ವಿಡಿಯೊಗಳನ್ನು ಮಧ್ಯರಾತ್ರಿ ಅಪ್ಪನಿಗೆ ಕಳಿಸುತ್ತಾರೆ. ಅಂಥವರಿಗೆ ಹೇಳುತ್ತೇನೆ: ನೀವು ಸಭೆ ಬಿಟ್ಟಿದ್ದೀರಿ, ಸುವಾರ್ತೆ ಸಾರುವುದನ್ನು ಬಿಟ್ಟಿಲ್ಲ. ಸತ್ಯ ಒಂದೇ, ಅದು ನನ್ನ ಬಳಿಯಿದೆ ಎಂಬ ಹಳೆಯ ದನಿಯೇ ಇಲ್ಲಿಯೂ ಮಾತಾಡುತ್ತಿರುತ್ತದೆ.

ಹೇಳುವುದಾದರೆ ಸಂಗಾತಿಗೆ ಮೊದಲು ಹೇಳಿ. ಬೇರೆಯವರಿಂದ ತಿಳಿಯಿತು ಎಂಬ ನೋವು ಸುಲಭಕ್ಕೆ ಆರುವುದಿಲ್ಲ. ಓದಿಗೆ, ವಸತಿಗೆ ತಂದೆತಾಯಿಯನ್ನೇ ನೆಚ್ಚಿಕೊಂಡಿರುವವರು, ಮನೆಯಲ್ಲಿ ಹೊಡೆತದ ಭಯವಿರುವವರು ಕಾಯಬೇಕು, ಅದು ಹೇಡಿತನವಲ್ಲ. ಪಾಸ್ಟರ್ ಮತ್ತು ಹಿರಿಯರು ಮಾತಾಡಲು ಕರೆದರೆ ಹೋಗಲೇಬೇಕೆಂದಿಲ್ಲ. ಹೋಗುವುದೇ ಆದರೆ ಒಬ್ಬರೇ ಹೋಗಬೇಡಿ, ಎಷ್ಟು ಹೊತ್ತು ಕೂರುತ್ತೀರೆಂದು ಮೊದಲೇ ತಿಳಿಸಿ. ಅಲ್ಲಿ ಕೊಟ್ಟ ಯಾವ ಕಾಗದಕ್ಕೂ ಅಂದೇ ಸಹಿ ಹಾಕಬೇಡಿ.