ವಿಪಿಎನ್‌ಗೆ ದುಡ್ಡು ಕಟ್ಟುವ ಮುಂಚೆ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಪಿಜಿಗಳಲ್ಲಿ ಇಪ್ಪತ್ತು ಮೂವತ್ತು ಹುಡುಗರಿಗೆ ಒಂದೇ ರೂಟರ್, ಒಂದೇ ವೈಫೈ ಪಾಸ್‌ವರ್ಡ್. ಮಂಡ್ಯದ ಬಡಾವಣೆಗಳಲ್ಲಿ ಮೊದಲು ಟಿವಿ ಕನೆಕ್ಷನ್ ಕೊಡುತ್ತಿದ್ದ ಕೇಬಲ್‌ನವರೇ ಈಗ ಫೈಬರ್ ಎಳೆದು ಇಂಟರ್‌ನೆಟ್ಟೂ ಕೊಡುತ್ತಾರೆ. ಇಂಥ ಕಡೆ ಕೂತು ಓದುವವರು, ಕೆಲಸ ಮಾಡುವವರು "ಸಾರ್, ಕಮ್ಮಿ ರೇಟಲ್ಲಿ ನಂಬಬಹುದಾದ ವಿಪಿಎನ್ ಯಾವುದಿದೆ?" ಎಂದು ಕೇಳುತ್ತಲೇ ಇರುತ್ತಾರೆ. ಒಂದು ಹೆಸರು ಹೇಳಿ ಕಳಿಸಿಬಿಡಬಹುದು. ಆದರೆ ಆ ಹೆಸರು ಯಾಕೆ ಎಂದು ಗೊತ್ತಿಲ್ಲದಿದ್ದರೆ ನಾಳೆ ಆ ಕಂಪನಿ ಕೈ ಬದಲಾದಾಗ ಏನು ಮಾಡಬೇಕೆಂದೂ ಗೊತ್ತಾಗುವುದಿಲ್ಲ.

ವಿಪಿಎನ್ ಆನ್ ಮಾಡಿದಾಗ ಆಗುವುದು ಇಷ್ಟು. ನಿಮ್ಮ ಫೋನಿನಿಂದ ಆ ಕಂಪನಿಯ ಸರ್ವರ್‌ವರೆಗೆ ಎಲ್ಲ ಮಾಹಿತಿಯೂ ಗೂಢಲಿಪಿಯಲ್ಲಿ ಹೋಗುತ್ತದೆ. ನಿಮ್ಮ ಕೇಬಲ್‌ನವರಿಗಾಗಲಿ, ಮೊಬೈಲ್ ಕಂಪನಿಗಾಗಲಿ ಕಾಣುವುದು ಆ ಸರ್ವರ್‌ನ ವಿಳಾಸ, ಸಮಯ ಮತ್ತು ಎಷ್ಟು ಡೇಟಾ ಹರಿಯಿತು ಎಂಬುದು. ನೀವು ನೋಡುವ ವೆಬ್‌ಸೈಟಿಗೆ ನಿಮ್ಮ ಐಪಿ ವಿಳಾಸದ (ಇಂಟರ್‌ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಬದಲು ವಿಪಿಎನ್ ಸರ್ವರ್‌ನ ಐಪಿ ಕಾಣುತ್ತದೆ. ಮೊದಲು ಯಾವ ಯಾವ ಸೈಟಿಗೆ ಹೋದಿರಿ ಎಂಬ ಪಟ್ಟಿ ಕೇಬಲ್‌ನವರ ಕೈಯಲ್ಲಿತ್ತು, ಈಗ ಅದು ವಿಪಿಎನ್ ಕಂಪನಿಯ ಕೈಗೆ ಬಂತು. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಯಿತು, ಅಷ್ಟೆ. ಆ ಇನ್ನೊಬ್ಬರು ಯಾರು ಎಂದು ನೋಡುವುದೇ ಇಲ್ಲಿನ ಅಸಲು ಕೆಲಸ.

ಅದಕ್ಕೂ ಮೊದಲು, ನಿಮಗೆ ಬೇಕೇ ಎಂದು ನೋಡಿ. ಬ್ಯಾಂಕಿನ ಸೈಟು, ಯುಪಿಐ, ವಾಟ್ಸಾಪ್ ಎಲ್ಲವೂ ತಾವೇ ಗೂಢಲಿಪಿಯಲ್ಲಿ ನಡೆಯುತ್ತವೆ. ಪಾಸ್‌ವರ್ಡ್ ಕದಿಯುತ್ತಾರೆ ಎಂಬ ಒಂದೇ ಭಯಕ್ಕೆ ವಿಪಿಎನ್ ಕೊಳ್ಳಬೇಕಿಲ್ಲ. ಟ್ರಾಫಿಕ್ ದಂಡದ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲನ್ನು (ಆ್ಯಪ್ ಹಾಕಿಕೊಳ್ಳುವ ಫೈಲು) ಒತ್ತಿದರೆ ಯಾವ ವಿಪಿಎನ್ನೂ ಕಾಯುವುದಿಲ್ಲ. ಗೂಗಲ್‌ಗೆ ಲಾಗಿನ್ ಆಗಿಯೇ ಹುಡುಕಾಡಿದರೆ ಗೂಗಲ್‌ಗೆ ನೀವು ಯಾರೆಂದು ಗೊತ್ತೇ ಇರುತ್ತದೆ. ಮೈಸೂರಿನ ಹೆಬ್ಬಾಳದ ಕಂಪನಿಗಳಿಗೆ ಮನೆಯಿಂದ ಕೆಲಸ ಮಾಡುವವರಿಗೆ ಆಫೀಸಿನ ಐಟಿ ವಿಭಾಗ ಕೊಡುವ ವಿಪಿಎನ್ ಬೇರೆಯದೇ ಜಾತಿಯದು, ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಎರಡನ್ನೂ ಒಟ್ಟಿಗೆ ಆನ್ ಮಾಡಿದರೆ ಸಾಮಾನ್ಯವಾಗಿ ಒಂದು ಇನ್ನೊಂದನ್ನು ಕೆಡಿಸುತ್ತದೆ. ಹಂಚಿಕೊಂಡ ವೈಫೈ ಬಳಸುವವರು, ಲಾಡ್ಜಿನಲ್ಲಿ ಉಳಿಯುವವರು, ಪತ್ರಕರ್ತರು, ವಕೀಲರು, ತಾವು ಏನು ಓದುತ್ತೇವೆಂಬುದು ಇನ್ನೊಬ್ಬರ ದಾಖಲೆಯಲ್ಲಿ ಇರಬಾರದು ಎನ್ನುವವರು, ಇವರಿಗೆ ಮಾತ್ರ ಖಂಡಿತ ಉಪಯೋಗವಿದೆ.

"ಫ್ರೀ ಇರುವಾಗ ದುಡ್ಡು ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗಿಯೇ ಬೇಕು, ಜನ ಪೆಟ್ಟು ತಿನ್ನುವುದು ಇಲ್ಲೇ. ಸರ್ವರ್ ಬಾಡಿಗೆಗೆ, ಬ್ಯಾಂಡ್‌ವಿಡ್ತ್‌ಗೆ ಪ್ರತಿ ತಿಂಗಳೂ ದುಡ್ಡು ಹೋಗುತ್ತದೆ. ನೀವು ಕೊಡದಿದ್ದರೆ ಬೇರೆ ಯಾರೋ ಕೊಡುತ್ತಿರಬೇಕು. 2015ರಲ್ಲಿ ಹೋಲಾ ಎಂಬ ಪುಕ್ಕಟೆ ಸೇವೆ ತನ್ನ ಬಳಕೆದಾರರ ಇಂಟರ್‌ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದ್ದುದು ಬಯಲಾಯಿತು. 2016ರಲ್ಲಿ ಸಂಶೋಧಕರು 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಬಿಚ್ಚಿ ನೋಡಿದಾಗ 38% ಆ್ಯಪ್‌ಗಳಲ್ಲಿ ಕುತಂತ್ರಾಂಶದ ಗುರುತು ಸಿಕ್ಕಿತು, 18% ಗೂಢಲಿಪಿಯನ್ನೇ ಬಳಸುತ್ತಿರಲಿಲ್ಲ. "ಲಾಗ್ ಇಡುವುದಿಲ್ಲ", ಅಂದರೆ ಬಳಕೆಯ ದಾಖಲೆ ಇಡುವುದಿಲ್ಲ ಎಂದು ಹೇಳಿಕೊಂಡಿದ್ದ ಯುಎಫ್ಒ ವಿಪಿಎನ್‌ನ ದಾಖಲೆಗಳು 2020ರ ಜುಲೈನಲ್ಲಿ ಬೀಗವಿಲ್ಲದ ಸರ್ವರ್‌ನಲ್ಲಿ ಸಿಕ್ಕವು. ಮೇ 2024ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಮುರಿದ 911 ಎಸ್5 ಜಾಲದಲ್ಲಿ 1.9 ಕೋಟಿ ಐಪಿ ವಿಳಾಸಗಳಿದ್ದವು. ಮಾಸ್ಕ್ ವಿಪಿಎನ್, ಡ್ಯೂ ವಿಪಿಎನ್ ಮುಂತಾದ ಪುಕ್ಕಟೆ ಆ್ಯಪ್ ಹಾಕಿಕೊಂಡವರ ಕಂಪ್ಯೂಟರ್‌ಗಳ ಮೂಲಕ ಬೇರೆಯವರು ವಂಚನೆ ನಡೆಸುತ್ತಿದ್ದರು. ಇಂಥದ್ದರಲ್ಲಿ ಅಪರಾಧದ ಜಾಡು ಹಿಡಿದು ಬಂದರೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸರಿಗೆ ಮೊದಲು ಸಿಗುವುದು ನಿಮ್ಮ ಮನೆಯ ಐಪಿ ವಿಳಾಸ.

ಪುಕ್ಕಟೆಯಲ್ಲಿ ಹೆದರದೆ ಹೇಳಬಹುದಾದದ್ದು ಪ್ರೋಟಾನ್ ವಿಪಿಎನ್‌ನ ಉಚಿತ ಯೋಜನೆ. ಸ್ವಿಟ್ಜರ್ಲೆಂಡಿನ ಕಂಪನಿ, ದುಡ್ಡು ಕೊಡುವ ಗ್ರಾಹಕರಿಂದ ಖರ್ಚು ಹುಟ್ಟುತ್ತದೆ, ಆ್ಯಪ್‌ಗಳ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಡೇಟಾ ಮಿತಿ ಇಲ್ಲ. ಒಂದೇ ಸಾಧನ, ದೇಶ ನೀವು ಆರಿಸುವಂತಿಲ್ಲ, ರಾತ್ರಿ ಹೊತ್ತು ನಿಧಾನ. ಪಿಜಿ ಹುಡುಗರ ವೈಫೈ ಚಿಂತೆಗೆ ಇಷ್ಟೇ ಸಾಕು, ದುಡ್ಡು ಉಳಿಸಿಕೊಳ್ಳಿ.

ಇನ್ನು ಕಾನೂನು. ಭಾರತದಲ್ಲಿ ವಿಪಿಎನ್ ಬಳಸುವುದು ಅಪರಾಧವಲ್ಲ. ಆದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್, ಇಮೇಲ್, ಕೊಟ್ಟ ಐಪಿ, ಯಾವ ಉದ್ದೇಶಕ್ಕೆ ಕೊಂಡರು ಎಂಬುದನ್ನು 5 ವರ್ಷ ಇಟ್ಟುಕೊಳ್ಳಬೇಕು. ಉದ್ಯೋಗಿಗಳಿಗೆ ಆಫೀಸು ಕೊಡುವ ವಿಪಿಎನ್‌ಗೆ ಇದು ಅನ್ವಯಿಸದು. ಇದರಿಂದಾಗಿ ಎಕ್ಸ್‌ಪ್ರೆಸ್, ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ಎಂಬ ವಿಪಿಎನ್ ಕಂಪನಿಗಳೆಲ್ಲವೂ ಅದೇ ವರ್ಷ ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದವು. ಇಂದು ಪಟ್ಟಿಯಲ್ಲಿ ಭಾರತದ ಬಾವುಟ ಕಂಡರೆ ಆ ಸರ್ವರ್ ಹೆಚ್ಚಾಗಿ ಸಿಂಗಪುರದಲ್ಲೋ ಯುರೋಪಿನಲ್ಲೋ ಇರುತ್ತದೆ, ಐಪಿ ಮಾತ್ರ ಭಾರತದ್ದು. ನಮಗಿಲ್ಲಿ ವೇಗ ಬೇಕಿದ್ದರೆ ಸಿಂಗಪುರವೇ ವಾಸಿ, ಚೆನ್ನೈ ಕಡಲತೀರದಿಂದ ಸಮುದ್ರದಡಿಯ ಕೇಬಲ್ ನೇರ ಅಲ್ಲಿಗೆ ಹೋಗುತ್ತದೆ. ಅಮೆರಿಕದ ಸರ್ವರ್ ಹಿಡಿದು ವಿಡಿಯೋ ಕಾಲ್ ತಡವರಿಸುತ್ತದೆ ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಜನವರಿ 2025ರಲ್ಲಿ ಕೆಲವು ವಿಪಿಎನ್ ಆ್ಯಪ್‌ಗಳು ಸರ್ಕಾರದ ಆದೇಶದ ಮೇರೆಗೆ ಭಾರತದ ಪ್ಲೇ ಸ್ಟೋರ್, ಆ್ಯಪ್ ಸ್ಟೋರ್‌ಗಳಿಂದ ಹೋದವು. ಸ್ಟೋರಿನಲ್ಲಿ ಸಿಗದ ಆ್ಯಪನ್ನು ಟೆಲಿಗ್ರಾಂ ಚಾನೆಲ್‌ನಿಂದ ಇಳಿಸಿಕೊಳ್ಳುವ ಕೆಲಸ ಮಾತ್ರ ಮಾಡಬೇಡಿ.

ನಂಬಿಕೆಯ ಪ್ರಶ್ನೆಗೆ ಬರೋಣ. "ಲಾಗ್ ಇಡುವುದಿಲ್ಲ" ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಅದನ್ನು ಹೊರಗಿನವರು ಯಾರಾದರೂ ಪರೀಕ್ಷೆಗೆ ಒಡ್ಡಿದ್ದಾರೆಯೇ ಎಂದು ಕೇಳಿ. ಏಪ್ರಿಲ್ 2023ರಲ್ಲಿ ಸ್ವೀಡನ್ ಪೊಲೀಸರು ಸರ್ಚ್ ವಾರಂಟ್ ಹಿಡಿದು ಮುಲ್ವಾಡ್ ಕಂಪನಿಯ ಕಚೇರಿಗೆ ಹೋದರು, ಗ್ರಾಹಕರ ಮಾಹಿತಿ ಇಲ್ಲದ್ದರಿಂದ ಬರಿಗೈಲಿ ವಾಪಸಾದರು. ಅಲ್ಲಿ ಖಾತೆ ತೆರೆಯಲು ಇಮೇಲ್ ಕೂಡ ಬೇಡ, 16 ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ಪ್ರೈವೇಟ್ ಇಂಟರ್‌ನೆಟ್ ಆ್ಯಕ್ಸೆಸ್ ಎಂಬ ವಿಪಿಎನ್ ಕೂಡ 2016 ಮತ್ತು 2018ರಲ್ಲಿ ಅಮೆರಿಕದ ಕೋರ್ಟುಗಳಲ್ಲಿ ಕೊಡಲು ಲಾಗ್ ಇಲ್ಲವೆಂದು ತೋರಿಸಿತು. ಆದರೆ 2019ರಲ್ಲಿ ಅದನ್ನು ಕೇಪ್ ಟೆಕ್ನಾಲಜೀಸ್ ಕೊಂಡಿತು. ಸೈಬರ್‌ಘೋಸ್ಟ್ 2017ರಿಂದ, ಎಕ್ಸ್‌ಪ್ರೆಸ್ 2021ರಿಂದ ಇದೇ ಕೇಪ್‌ನ ಕೈಯಲ್ಲಿವೆ. ನಾರ್ಡ್ ಮತ್ತು ಸರ್ಫ್‌ಶಾರ್ಕ್ 2022ರಲ್ಲಿ ಒಂದಾದವು. ಹಳೇ ಯಜಮಾನನ ಕಾಲದ ಸಾಕ್ಷ್ಯ ಹೊಸ ಯಜಮಾನನಿಗೆ ತಾನಾಗಿ ಸಲ್ಲುವುದಿಲ್ಲ, ಯಾವ ಸಾಕ್ಷ್ಯಕ್ಕೂ ತಾರೀಖು ನೋಡಿ.

ಆಡಿಟ್ ಆಗಿದೆ ಎಂದು ಹೇಳಿದರೆ ಮೂರು ವಿಷಯ ಹುಡುಕಿ: ಯಾವ ವರ್ಷದ್ದು, ನೋಡಿದ್ದು ಬರೀ ಆ್ಯಪನ್ನೋ ಸರ್ವರ್‌ಗಳನ್ನೂ ಸೇರಿಸಿಯೋ, ಪೂರ್ತಿ ವರದಿ ಓದಲು ಸಿಗುತ್ತದೆಯೋ. ತಪ್ಪಾದಾಗ ಕಂಪನಿ ಹೇಗೆ ನಡೆದುಕೊಂಡಿತು ಎಂಬುದೂ ಮುಖ್ಯ. 2018ರಲ್ಲಿ ಫಿನ್‌ಲೆಂಡಿನ ಬಾಡಿಗೆ ಸರ್ವರ್ ಒಂದಕ್ಕೆ ಕನ್ನ ಬಿದ್ದದ್ದನ್ನು ನಾರ್ಡ್ ಒಪ್ಪಿಕೊಂಡದ್ದು ಅಕ್ಟೋಬರ್ 2019ರಲ್ಲಿ. ಆಮೇಲೆ ಡಿಸ್ಕ್ ಇಲ್ಲದೆ ಬರೀ ರ‍್ಯಾಮ್‌ನಲ್ಲಿ ಓಡುವ ಸರ್ವರ್‌ಗಳಿಗೆ ಬದಲಾಯಿತು, ಆಡಿಟ್‌ಗಳನ್ನೂ ಮಾಡಿಸಿತು. ತಡವಾಗಿ ಹೇಳಿದ್ದು ತಪ್ಪು, ತಿದ್ದಿಕೊಂಡದ್ದು ಸರಿ, ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. "ಟಾಪ್ 10" ಪಟ್ಟಿಗಳನ್ನು ನೆಚ್ಚಬೇಡಿ. ಅವುಗಳಲ್ಲಿ ಬಹಳಷ್ಟು ಕಮಿಷನ್ ಮೇಲೆ ನಡೆಯುತ್ತವೆ, ದೊಡ್ಡ ವಿಮರ್ಶಾ ತಾಣ ವಿಪಿಎನ್‌ಮೆಂಟರ್ 2021ರಿಂದ ಕೇಪ್‌ನದೇ ಸ್ವತ್ತು.

ಬೆಲೆಯ ವಿಷಯದಲ್ಲಿ ಎರಡು ಲೆಕ್ಕ ಹಾಕಿ ನೋಡಿ. ಮುಲ್ವಾಡ್ ತಿಂಗಳಿಗೆ 5 ಯೂರೋ, 2009ರಿಂದ ಅದೇ ದರ, 5 ಸಾಧನ. ಅದು ₹500 ಎಂದಿಟ್ಟುಕೊಂಡರೆ ಕಾರ್ಡಿನ ವಿದೇಶಿ ವಹಿವಾಟು ಶುಲ್ಕ 3.5% ಅಂದರೆ ₹17.50, ಆ ಶುಲ್ಕದ ಮೇಲೆ ಜಿಎಸ್‌ಟಿ ₹3.15, ಒಟ್ಟು ₹520.65. ಇನ್ನೊಂದು ಕಡೆ ತಿಂಗಳಿಗೆ ₹200 ಎಂದು ಜಾಹೀರಾತು ಕೊಡುವ 2 ವರ್ಷದ ಯೋಜನೆ. 24 ತಿಂಗಳಿಗೆ ₹4,800 ಒಂದೇ ಸಲ ಕಟ್ಟಬೇಕು, ಕೊನೆಯ ಪುಟದಲ್ಲಿ 18% ಜಿಎಸ್‌ಟಿ ಸೇರಿದರೆ ₹5,664. ಆರು ತಿಂಗಳಿಗೆ ಬಿಟ್ಟರೆ ತಿಂಗಳಿಗೆ ₹944 ಬಿದ್ದಂತೆ. ಎರಡು ವರ್ಷ ಮುಗಿದ ಮೇಲೆ ನವೀಕರಣದ ದರ ಮೊದಲಿನದಕ್ಕಿಂತ ಜಾಸ್ತಿ ಇರುತ್ತದೆ, ಅದು ಸಣ್ಣ ಅಕ್ಷರದಲ್ಲಿರುತ್ತದೆ. ಮನೆಯಲ್ಲಿ ಏಳೆಂಟು ಸಾಧನ ಇರುವವರು, ಬಿಡದೆ ಬಳಸುತ್ತೇವೆಂದು ಖಾತ್ರಿ ಇರುವವರು ಉದ್ದದ ಯೋಜನೆ ನೋಡಲಿ: ಪ್ರೋಟಾನ್‌ನ ಹಣ ಕೊಡುವ ಯೋಜನೆಯಲ್ಲೂ ನಾರ್ಡ್‌ನಲ್ಲೂ 10 ಸಾಧನ, ಸರ್ಫ್‌ಶಾರ್ಕ್‌ನಲ್ಲಿ ಮಿತಿಯಿಲ್ಲ. ಮಿಕ್ಕವರು ಮೊದಲು ಒಂದು ತಿಂಗಳಿಗೆ ಕಟ್ಟುವುದು ಒಳ್ಳೆಯದು. "ಜೀವಮಾನ ಪೂರ್ತಿ" ಯೋಜನೆಗಳ ಹತ್ತಿರವೂ ಹೋಗಬೇಡಿ. ವಿಪಿಎನ್‌ಸೆಕ್ಯೂರ್ ಕೈ ಬದಲಾದ ಮೇಲೆ 2025ರಲ್ಲಿ ಹೊಸ ಯಜಮಾನರು ಅಂಥ ಖಾತೆಗಳನ್ನು ರದ್ದು ಮಾಡಿಬಿಟ್ಟರು.

ಕಾರ್ಡು ತಿರಸ್ಕೃತವಾದರೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟು ಆನ್ ಇದೆಯೇ ನೋಡಿ. 2020ರ ಅಕ್ಟೋಬರ್ ನಂತರ ಬಂದ ಕಾರ್ಡುಗಳಲ್ಲಿ ಅದು ಮೊದಲಿಗೆ ಬಂದ್ ಆಗಿರುತ್ತದೆ. ಮಿತಿಯನ್ನು ಬೇಕಾದಷ್ಟಕ್ಕೇ ಇಟ್ಟು, ಕಟ್ಟಿದ ಮೇಲೆ ಮತ್ತೆ ಬಂದ್ ಮಾಡಿ.

ಕೊಂಡ ದಿನವೇ ಪರೀಕ್ಷೆ ಮಾಡಿ. ಆ್ಯಪ್‌ನಲ್ಲಿ ಪ್ರೋಟೋಕಾಲ್ (ಸಂಪರ್ಕದ ವಿಧಾನ) ವೈರ್‌ಗಾರ್ಡ್ ಆರಿಸಿ, ಹಳೆಯ ಓಪನ್‌ವಿಪಿಎನ್‌ಗಿಂತ ಇದು ಹಗುರ, ಬ್ಯಾಟರಿಯೂ ಕಮ್ಮಿ ತಿನ್ನುತ್ತದೆ. ವಿಪಿಎನ್ ಆಫ್ ಇರುವಾಗ ಐಪಿಲೀಕ್ ಡಾಟ್ ನೆಟ್ ತೆರೆದು ನಿಮ್ಮ ಐಪಿ ವಿಳಾಸಗಳನ್ನೂ ಡಿಎನ್ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ) ಸರ್ವರ್‌ಗಳನ್ನೂ ಬರೆದಿಟ್ಟುಕೊಳ್ಳಿ. ಆನ್ ಮಾಡಿ ಮತ್ತೆ ನೋಡಿ. ಮೊದಲಿನ ಯಾವ ವಿಳಾಸವೂ ಕಾಣಬಾರದು. ಜಿಯೋ ಸಿಮ್‌ನಲ್ಲಿ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ, ಹಳೆಯದು ಐಪಿವಿ4) ಜಾಸ್ತಿ ಓಡುವುದರಿಂದ ಅದೇ ಸಾಲನ್ನು ವಿಶೇಷವಾಗಿ ಗಮನಿಸಿ: ಐಪಿವಿ4 ಸಿಂಗಪುರದ್ದಾಗಿ ಐಪಿವಿ6 ಮಾತ್ರ ನಿಮ್ಮದೇ ಉಳಿದಿದ್ದರೆ ಆ ವಿಪಿಎನ್ ಸೋರುತ್ತಿದೆ. ಆ್ಯಪ್‌ನಲ್ಲಿ ಸೋರಿಕೆ ತಡೆಯುವ ಆಯ್ಕೆ ಇಲ್ಲದಿದ್ದರೆ ದುಡ್ಡು ವಾಪಸ್ ಕೇಳಿ.

ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ವಿಪಿಎನ್‌ಗೆ ಹೋಗಿ ಹಲ್ಲುಚಕ್ರದ ಗುರುತು ಒತ್ತಿದರೆ 'ಆಲ್ವೇಸ್ ಆನ್' ಮತ್ತು 'ವಿಪಿಎನ್ ಇಲ್ಲದೆ ಸಂಪರ್ಕ ತಡೆ' ಎಂಬ ಎರಡು ಗುಂಡಿಗಳಿವೆ. ಎರಡನ್ನೂ ಆನ್ ಮಾಡಿದರೆ ವಿಪಿಎನ್ ಕಡಿದಾಗ ಇಂಟರ್‌ನೆಟ್ಟೂ ನಿಲ್ಲುತ್ತದೆ, ಸೋರುವುದು ಬಹುತೇಕ ನಿಲ್ಲುತ್ತದೆ. ಇಲ್ಲೊಂದು ತೊಡಕಿದೆ. ವಿಪಿಎನ್ ಆನ್ ಇದ್ದರೆ ಕೆಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ತೆರೆಯುವುದಿಲ್ಲ. ಅದಕ್ಕೆಂದು ಜನ ಸ್ಪ್ಲಿಟ್ ಟನಲಿಂಗ್‌ನಲ್ಲಿ ಆ ಆ್ಯಪ್‌ಗಳನ್ನು ಹೊರಗಿಡುತ್ತಾರೆ. ಆದರೆ ಎರಡನೇ ಗುಂಡಿ ಆನ್ ಇದ್ದರೆ ಹೊರಗಿಟ್ಟ ಆ್ಯಪ್‌ಗಳಿಗೆ ಇಂಟರ್‌ನೆಟ್ಟೇ ಸಿಗುವುದಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವು ಕೊಂಡು ಕ್ಯೂಆರ್ ಹಿಡಿದಾಗ ಸುಮ್ಮನೆ ತಿರುಗುತ್ತಾ ನಿಂತರೆ ಕಾರಣ ಹೆಚ್ಚಾಗಿ ಇದೇ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ದಿನಕ್ಕೆ ಹತ್ತು ಸಲ ಯುಪಿಐ ಮಾಡುವವರು ಎರಡನೇ ಗುಂಡಿ ಬಿಡುವುದೇ ಮೇಲು.

ರೈಲ್ವೆ ಸ್ಟೇಷನ್ನಿನ ವೈಫೈಯಲ್ಲಿ ಓಟಿಪಿ ಕೇಳುವ ಪುಟ ಬರದಿದ್ದರೆ ವಿಪಿಎನ್ ಆಫ್ ಮಾಡಿ, ಲಾಗಿನ್ ಆಗಿ, ಆಮೇಲೆ ಆನ್ ಮಾಡಿ. ಶಿಯೋಮಿ, ವಿವೊ, ರಿಯಲ್‌ಮಿ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚುತ್ತವೆ, ವಿಪಿಎನ್ ಅರ್ಧ ಗಂಟೆಗೊಮ್ಮೆ ಕಡಿಯುತ್ತಿದ್ದರೆ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ನಿರ್ಬಂಧ ತೆಗೆದು ಆಟೋಸ್ಟಾರ್ಟ್ ಕೊಡಿ. ಕೇಬಲ್‌ನವರ ಫೈಬರ್‌ನಲ್ಲಿ ಕೆಲವು ಪುಟ ತೆರೆದು ಕೆಲವು ಅರ್ಧಕ್ಕೇ ನಿಂತರೆ ತಪ್ಪು ಎಂಟಿಯುನಲ್ಲಿ, ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾ ಪೊಟ್ಟಣದ ಗರಿಷ್ಠ ಗಾತ್ರದಲ್ಲಿರಬಹುದು. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಬೈಟ್ ಇಟ್ಟುಕೊಂಡು ಅದರ ಮೇಲೆ ಐಪಿವಿ6ನಲ್ಲಿ 80 ಬೈಟ್ ಹೊದಿಸುತ್ತದೆ, ಒಟ್ಟು 1500. ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ತೆರೆಯುವ ಪಿಪಿಪಿಒಇ ಸಂಪರ್ಕದಲ್ಲಿ ಹಿಡಿಸುವುದು 1492. ಎಂಟಿಯುವನ್ನು 1280ಕ್ಕೆ ಇಳಿಸಿದರೆ ಪುಟಗಳು ಸರಿಯಾಗಿ ತೆರೆಯುತ್ತವೆ, ವೇಗದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ವೇಗವನ್ನು ರಾತ್ರಿ ಒಂಬತ್ತರಿಂದ ಹತ್ತರ ನಡುವೆ ಅಳೆಯಿರಿ, ಎಲ್ಲರೂ ಆನ್‌ಲೈನ್ ಇರುವ ಹೊತ್ತು ಅದು. ಸಿಂಗಪುರದ ಸರ್ವರ್‌ನಲ್ಲೂ ನಿಮ್ಮ ಮೂಲ ವೇಗದ ಅರ್ಧಕ್ಕಿಂತ ಕೆಳಗಿಳಿದರೆ ಇನ್ನೊಂದೆರಡು ಸರ್ವರ್ ಬದಲಿಸಿ ನೋಡಿ. ದುಡ್ಡು ವಾಪಸ್ ಕೊಡುವ ಗಡುವು ಅನೇಕರಲ್ಲಿ 30 ದಿನ, ಅದು ಅವರ ವೆಬ್‌ಸೈಟಿನಲ್ಲಿ ನೇರವಾಗಿ ಕೊಂಡವರಿಗೆ. ಪ್ಲೇ ಸ್ಟೋರಿನಲ್ಲೋ ಆ್ಯಪಲ್‌ನಲ್ಲೋ ಕಟ್ಟಿದ್ದರೆ ಅವರವರ ನಿಯಮ ನಡೆಯುತ್ತದೆ. 20ನೇ ದಿನದೊಳಗೆ ತೀರ್ಮಾನಿಸಿ, ಬೇಡವೆನಿಸಿದರೆ ಚಾಟ್‌ನಲ್ಲಿ ಕೇಳಿ, ಇಮೇಲ್‌ನಲ್ಲಿ ಒಪ್ಪಿಗೆ ಬರಿಸಿಕೊಳ್ಳಿ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಖಾತೆಯಲ್ಲಿ ಆಟೋ ರಿನ್ಯೂವಲ್ ಆಫ್ ಮಾಡಿ, ಬ್ಯಾಂಕಿನ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿತಕ್ಕೆ ಕೊಟ್ಟ ಒಪ್ಪಿಗೆ) ಪಟ್ಟಿಯಲ್ಲೂ ಆ ಹೆಸರು ಉಳಿದಿದ್ದರೆ ರದ್ದು ಮಾಡಿ.